ಪೆಟ್ಟು ತಿಂದು ಪಾಸಾದ ಹೆಲ್ಮೆಟ್ಟುಗಳು

ಕಬ್ಬಿಣದ ತಲೆಯೊಂದಕ್ಕೆ ಹೆಲ್ಮೆಟ್ಟು ತೊಡಿಸುವುದು, ಮೇಲಿನಿಂದ ಕಬ್ಬಿಣದ ಗುಂಡು ಬಿಡುವುದು, ಹೆಲ್ಮೆಟ್ಟು ಉಳಿಯಿತೋ ಒಡೆಯಿತೋ ನೋಡುವುದು. ಯಂಕಮ್ಮನ ಕೆಲಸ ಇಷ್ಟೇ. "ಬಡಿಯೋದಕ್ಕ ಪಗಾರ ಕೊಡೋ ಊರು ಇದೊಂದೇ ನೋಡು," ಎಂದು ತಮ್ಮ ಭೀಮಾಶಂಕರ ಛೇಡಿಸುತ್ತಿದ್ದ. "ನಾ ಸಣ್ಣಾಂವ ಇದ್ದಾಗ ಪುಕ್ಕಟೆ ಬಡೀತಿದ್ದಿ." ಯಂಕಮ್ಮ ಸೌಟು ಎತ್ತಿ ತೋರಿಸಿದರೆ ಅವನು ಹೆಂಡತಿಯ ಬೆನ್ನ ಹಿಂದೆ ಅಡಗಿಕೊಳ್ಳುತ್ತಿದ್ದ. ಮಗಳ ತಂದೆಯಾದರೂ ಹುಡುಗಾಟ ಬಿಟ್ಟಿರಲಿಲ್ಲ.

ಕೆ.ಆರ್. ಪುರದ ತೂಗುಸೇತುವೆ ದಾಟಿ, ಗ್ಯಾರೇಜುಗಳ ಸಾಲಿನ ಹಿಂದೆ ಹೋದರೆ ತಗಡಿನ ಸೂರಿನ ಆ ಕಾರ್ಖಾನೆ ಸಿಗುತ್ತದೆ. ಅಲ್ಲಿಗೆ ಬರುವ ಬಟ್ಟೆ ಉಡುವ ಬಟ್ಟೆಯಲ್ಲ. ಗಾಜಿನ ಎಳೆ, ಪ್ಲಾಸ್ಟಿಕ್ಕಿನ ಎಳೆ ಎರಡನ್ನೂ ಬೆರೆಸಿ ಒಂದೇ ನೂಲು ಮಾಡಿ, ಆ ನೂಲಿನಲ್ಲಿ ನೇಯ್ದದ್ದು. ಅದನ್ನು ಕತ್ತರಿಸಿ, ಒಂದರ ಮೇಲೊಂದು ಪದರ ಪೇರಿಸಿ, ಬಿಸಿ ಪ್ರೆಸ್ಸಿನ ಅಚ್ಚಿನಲ್ಲಿಟ್ಟು ಒತ್ತಿದರೆ ಪ್ಲಾಸ್ಟಿಕ್ಕು ಕರಗಿ ಗಾಜಿನ ಎಳೆಗಳ ಸಂದಿಗೆಲ್ಲ ಇಳಿಯುತ್ತದೆ. ಆರಿದ ಮೇಲೆ ಹೊರಗೆ ಬರುವುದು ಕಟ್ಟಡ ಕೆಲಸದವರು ತೊಡುವ ಕಪ್ಪು ಹೆಲ್ಮೆಟ್ಟಿನ ಚಿಪ್ಪು. ಎತ್ತಿದರೆ ಕೈಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಅಗ್ಗದ ಹೆಲ್ಮೆಟ್ಟುಗಳಂತೆ ಬಿಸಿಲಿಗೆ ಬಿರುಕು ಬಿಡುವುದಿಲ್ಲ, ಪೆಟ್ಟಿಗೆ ಚೂರಾಗುವುದಿಲ್ಲ. ಗುಂಡು ಬಿದ್ದರೆ ಒಂದಿಷ್ಟು ತಗ್ಗಿ ಮತ್ತೆ ಎದ್ದುಕೊಳ್ಳುತ್ತದೆ. ಬಿದ್ದ ಜಾಗದಲ್ಲಿ ಬೊಟ್ಟಿನಷ್ಟು ಬಿಳಿ ಮಚ್ಚೆ ಮಾತ್ರ ಉಳಿಯುತ್ತದೆ.

ಒಟ್ಟಿಗೆ ತಯಾರಾದ ಒಂದೊಂದು ಲಾಟಿನಲ್ಲೂ ಒಂದನ್ನು ಆರಿಸಿ ಯಂಕಮ್ಮನ ಗುಂಡಿಗೆ ಕೊಡುತ್ತಿದ್ದರು. ಅದು ಪಾಸಾದರೆ ಲಾಟು ಪಾಸು. ಆಮೇಲೆ, ಪೆಟ್ಟು ತಿಂದ ಆ ಒಂದನ್ನು ಗರಗಸದಲ್ಲಿ ಎರಡು ಹೋಳು ಮಾಡಿ ಸ್ಕ್ರ್ಯಾಪಿಗೆ ಎಸೆಯಬೇಕು ಎಂಬುದು ರೂಲು. ಯಾಕೆಂದು ಯಾರೂ ಹೇಳಿರಲಿಲ್ಲ. ಹೇಳಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ, ಗುಡಿಸುವವಳಿಗೆ ಕಸದ ಕತೆ ಹೇಳುತ್ತಾರೆಯೇ. ಕುಯ್ಯುವುದೆಂದರೆ ಎಲ್ಲರಿಗೂ ತಲೆನೋವು. ಗಾಜಿನ ಧೂಳು ಕತ್ತಿಗೆ, ಮೊಣಕೈ ಸಂದಿಗೆ ಹೊಕ್ಕರೆ ಎರಡು ದಿನ ಕೆರೆತ ಬಿಡದು.

ಕೆರೆತವನ್ನಾದರೂ ಯಂಕಮ್ಮ ಸಹಿಸುತ್ತಿದ್ದಳು. ಅವಳಿಗೆ ಸಹಿಸಲಾಗದ್ದು ಆ ಅನ್ಯಾಯ. ಅವಳ ಊರು ಸುರಪುರದ ಕಡೆ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಅವಳವ್ವ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಠಣ್ ಎಂದದ್ದನ್ನು ಮಾತ್ರ ಮನೆಗೆ ತರುತ್ತಿದ್ದಳು. ತಟ್ಟದೆ ತಂದ ಗಡಿಗೆಯಲ್ಲಿ ನೀರು ತುಂಬುವ ಹೆಂಗಸನ್ನು ಯಂಕಮ್ಮ ಕಂಡೇ ಇರಲಿಲ್ಲ. ಹಾಗಿರುವಾಗ ಅಷ್ಟು ದೊಡ್ಡ ಗುಂಡು ಬಿದ್ದರೂ ಕ್ಯಾರೇ ಎನ್ನದ ಹೆಲ್ಮೆಟ್ಟನ್ನು ಗರಗಸಕ್ಕೆ ಕೊಟ್ಟು, ಗುಂಡಿನ ಮುಖವನ್ನೇ ಕಾಣದ ಹೆಲ್ಮೆಟ್ಟುಗಳನ್ನು ಪೆಟ್ಟಿಗೆಗೆ ತುಂಬಿ ಕಳಿಸುವುದು ಯಾವ ಸೀಮೆಯ ಬುದ್ಧಿ? ಓದಿದವರ ದುಂದು ಅಂದುಕೊಂಡಳು.

ದುಂದು ಎಂದರೆ ಅವಳಿಗೆ ಮೈ ಉರಿಯುತ್ತಿತ್ತು. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ಕಾಮಾಲೆಯಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ತವರಿಗೆ ಬಂದರೆ ಅವ್ವನೂ ಹೋದಳು, ಉಳಿದವನು ಚಡ್ಡಿ ಹಾಕುವ ವಯಸ್ಸಿನ ಭೀಮಾಶಂಕರ. ಅವನನ್ನು ಸೆರಗಿನಲ್ಲಿ ಕಟ್ಟಿಕೊಂಡಂತೆ ಬೆಂಗಳೂರಿಗೆ ತಂದಳು. ಸಿಮೆಂಟು ಹೊತ್ತಳು, ಪಾತ್ರೆ ತಿಕ್ಕಿದಳು, ಕೊನೆಗೆ ಈ ಕಾರ್ಖಾನೆ ಹಿಡಿದಳು. ಅವನಿಗೆ ಜಯಮಾಲಾಳನ್ನು ತಂದು ಮದುವೆ ಮಾಡಿದಳು. ಬಾಣಸವಾಡಿ ಸ್ಟೇಷನ್ನಿನ ಹಿಂದಿನ ವಠಾರದಲ್ಲಿ ಒಂದೇ ಕೋಣೆ. ಅದರಲ್ಲಿ ಅಕ್ಕ, ತಮ್ಮ, ತಮ್ಮನ ಹೆಂಡತಿ, ಅವರ ಪುಟ್ಟ ಮಗಳು. ತಮ್ಮನೆಂದರೆ ಅವಳಿಗೆ ಜೀವ. ಹಾಗೆಂದು ಬಾಯಿಬಿಟ್ಟು ಎಂದೂ ಹೇಳಿದವಳಲ್ಲ, ಬೈಯುತ್ತಲೇ ಸಾಕಿದಳು.

ಭೀಮಾಶಂಕರ ಲಿಂಗರಾಜಪುರದ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ, ಕಾಂಕ್ರೀಟು ಸುರಿಯಲು ಹಲಗೆ, ಪೈಪು ಕಟ್ಟುವ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಗುಂಪಿನವರೆಲ್ಲ ಅವರ ಕಡೆಯವರೇ, ಅದೇ ವಠಾರದವರೇ. ಮುಂದಾಳು ಭಗವಂತರಾಯ, ಮೀಸೆ ನೆರೆತ ಹಿರಿಯ. ಆ ಸೈಟಿನಲ್ಲಿ ಹೆಲ್ಮೆಟ್ಟುಗಳು ಇರಲಿಲ್ಲವೆಂದಲ್ಲ. ಇದ್ದವು, ಆಫೀಸಿನ ಬೀರುವಿನಲ್ಲಿ. ಯಾರಾದರೂ ನೋಡಲು ಬಂದ ದಿನ ಹೊರಗೆ ಬರುತ್ತಿದ್ದವು, ಫೋಟೋ ತೆಗೆದಾದ ಮೇಲೆ ಒಳಗೆ ಹೋಗುತ್ತಿದ್ದವು. ಕೊಟ್ಟರೆ ಕದ್ದು ಮಾರುತ್ತಾರೆ ಎಂಬುದು ಕಂಟ್ರಾಕ್ಟರನ ವಾದ. ಎಷ್ಟು ಅಂತಸ್ತು ಎದ್ದಿತೆಂದು ಕತ್ತೆತ್ತಿ ನೋಡುವವರು ನಮ್ಮ ಊರಿನಲ್ಲಿ ಬೇಕಾದಷ್ಟಿದ್ದಾರೆ, ಅದರ ಕೆಳಗೆ ತಲೆಗೆ ಟವೆಲ್ಲು ಸುತ್ತಿ ನಿಂತವನ ಕಡೆ ಮಾತ್ರ ಯಾರ ಕತ್ತೂ ಬಗ್ಗುವುದಿಲ್ಲ. ಯಂಕಮ್ಮನ ಕಣ್ಣಿಗೆ ದಿನಾ ಆ ಟವೆಲ್ಲು ಚುಚ್ಚುತ್ತಿತ್ತು.

ಒಂದು ದಿನ ಸೂಪರ್‌ವೈಸರ್ ಮುತ್ತಣ್ಣನ ಮುಂದೆ ನಿಂತಳು. "ಸರ್, ಇದನ್ನ ಕುಯ್ಯೋ ಬದ್ಲಿ ನಾ ತೊಗೊಂಡ್ ಹೋಗ್ಲೇನ್ರಿ? ನಮ್ ತಮ್ಮನ ಸೈಟಿಗೆ ಆಗ್ತದ."

ಮುತ್ತಣ್ಣ ಕೆಟ್ಟವನಲ್ಲ, ಸೋಮಾರಿ. "ಕುಯ್ಯೋ ಕೆಲ್ಸ ತಪ್ಪುತ್ತಲ್ಲ, ತಗೊಂಡ್ಹೋಗಮ್ಮ. ಗೇಟಲ್ಲಿ ಕೇಳಿದ್ರೆ ಸ್ಕ್ರ್ಯಾಪ್ ಅನ್ನು," ಅಂದ.

ಮೊದಮೊದಲು ಗುಂಪಿನವರು ಬೇಡವೆಂದರು. ತಲೆ ಬೆವರುತ್ತದೆ, ಕೂದಲು ಉದುರುತ್ತದೆ. ಯಂಕಮ್ಮ ಬಿಡಲಿಲ್ಲ. ವಠಾರದ ನಲ್ಲಿಯ ಹತ್ತಿರ ಎಲ್ಲರನ್ನೂ ನಿಲ್ಲಿಸಿಕೊಂಡು ಬಿಳಿ ಮಚ್ಚೆಯ ಮೇಲೆ ಬೆರಳಿಟ್ಟು ತೋರಿಸಿದಳು. "ಇದು ಬರೇ ಹೆಲ್ಮೆಟ್ ಅಲ್ಲ, ಹೊಡ್ತ ತಿಂದು ಪಾಸಾದದ್ದು. ನಿಮ್ ತಲಿ ಮ್ಯಾಲ ಏನ್ ಬೀಳ್ತದೋ ಅದಕ್ಕಿಂತ ದೊಡ್ಡದು ಇದರ ಮ್ಯಾಲ ಬಿದ್ದದ. ನನ್ ಕೈಯಾರೆ ಬೀಳ್ಸೀನಿ."

"ನಾ ಎಸ್ಸೆಸ್ಸೆಲ್ಸಿ ಫೇಲು," ಎಂದ ಭೀಮಾಶಂಕರ, ಹೆಲ್ಮೆಟ್ಟು ತೊಟ್ಟು ಮಗಳನ್ನು ಎತ್ತಿಕೊಂಡು. "ನನ್ ತಲಿ ಮ್ಯಾಲ ಕುಂತಾಂವ ಮಾತ್ರ ಪಾಸು."

ಎಲ್ಲರೂ ನಕ್ಕರು. ನಗುತ್ತಲೇ ತೊಟ್ಟರು. ಹಾಗೆ ಬರುವ ಲಾಟುಗಳಿಗೆ ಒಂದೊಂದರಂತೆ ಗುಂಪಿಗೆಲ್ಲ ಹೆಲ್ಮೆಟ್ಟು ಬಂತು. ಒಂದು ಮಧ್ಯಾಹ್ನ ಗೋಡೆಯ ಮೇಲಿನಿಂದ ಅರ್ಧ ಇಟ್ಟಿಗೆ ಜಾರಿ ಭಗವಂತರಾಯನ ತಲೆಗೆ ಬಿತ್ತು. ಅವನು ತೂರಾಡಿದ, ಕುಳಿತ, ನೀರು ಕುಡಿದ, ಎದ್ದು ಮತ್ತೆ ಕೆಲಸಕ್ಕೆ ನಿಂತ. ಆ ಸಂಜೆ ಅವನೇ ಯಂಕಮ್ಮನ ಬಾಗಿಲಿಗೆ ಬಂದು ಕೈಮುಗಿದ. ಅಂದಿನಿಂದ ಅವಳ ಮಾತಿಗೆ ವಠಾರದಲ್ಲಿ ಎದುರಿಲ್ಲ. ಗುಂಪಿಗೆ ಹೊಸದಾಗಿ ಸೇರಿದವನು ಹೆಲ್ಮೆಟ್ಟು ಕೈಗೆ ಬಂದೊಡನೆ ಮೊದಲು ಹುಡುಕುತ್ತಿದ್ದುದು ಬಿಳಿ ಮಚ್ಚೆಯನ್ನು.

ಕಾರ್ಖಾನೆಗೆ ರಮ್ಯಶ್ರೀ ಎಂಬ ಹೊಸ ಇಂಜಿನಿಯರ್ ಬಂದಳು. ಚಿಕ್ಕ ವಯಸ್ಸು, ಯಾರನ್ನೂ ಏಕವಚನದಲ್ಲಿ ಮಾತಾಡಿಸುವವಳಲ್ಲ. ಸ್ಕ್ರ್ಯಾಪಿನ ಡ್ರಮ್ಮು ನೋಡಿ, "ಟೆಸ್ಟ್ ಪೀಸ್ ಹೋಳುಗಳೇ ಇಲ್ವಲ್ಲ, ಮುತ್ತಣ್ಣ?" ಎಂದು ಕೇಳಿದಳು. ಗುಜರಿಯವನು ಒಯ್ದ ಎಂದು ಮುತ್ತಣ್ಣ ಹೇಳಿದ. ಸರಿ, ಇವತ್ತಿನದನ್ನು ನನ್ನೆದುರೇ ಕುಯ್ಯಿರಿ, ಒಳಗೆ ಹೇಗಿದೆ ನೋಡೋಣ ಎಂದಳು ರಮ್ಯಶ್ರೀ.

ಗುಂಡು ಬಿತ್ತು, ಹೆಲ್ಮೆಟ್ಟು ಪಾಸಾಯಿತು, ಗರಗಸ ಓಡಿತು. ರಮ್ಯಶ್ರೀ ಒಂದು ಹೋಳನ್ನು ಬೆಳಕಿಗೆ ಹಿಡಿದಳು. ಹೊರಗೆ ಮಚ್ಚೆ ಬಿಟ್ಟರೆ ಏನೂ ಇಲ್ಲ. ಒಳಗೆ, ಮಚ್ಚೆಯ ಕೆಳಗೆ ಅಂಗೈಯಗಲ, ಪದರಕ್ಕೆ ಪದರ ಬಿಟ್ಟುಕೊಂಡಿತ್ತು, ಹಂಚಿನ ಮೇಲೆ ಉಬ್ಬಿದ ರೊಟ್ಟಿಯ ಹಾಗೆ. ತುಂಡಾದ ಗಾಜಿನ ಎಳೆಗಳು ಬಿಳಿಯ ನವಿರಾಗಿ ಎದ್ದು ನಿಂತಿದ್ದವು.

"ನೋಡಿ, ಇದು ಏಟನ್ನ ತಡಿಯೋದೇ ಹೀಗೆ," ಎಂದಳು. "ತಾನು ಒಳಗೊಳಗೇ ಹರ್ಕೊಂಡು ಏಟನ್ನ ನುಂಗುತ್ತೆ, ತಲೆಗೆ ಬಿಡಲ್ಲ. ಆದ್ರೆ ಒಂದ್ಸಲ ಹರಿದಿದ್ದು ಮತ್ತೆ ಕೂಡಲ್ಲ. ಹೊರಗೆ ಹೊಸದರ ಥರಾನೇ ಕಾಣುತ್ತೆ, ಅದೇ ಅಪಾಯ. ಅದಕ್ಕೇ ಕುಯ್ದು ಬಿಸಾಕಿ ಅನ್ನೋದು, ಯಾರೂ ಮತ್ತೆ ಹಾಕ್ಕೋಬಾರ್ದು ಅಂತ."

ಯಂಕಮ್ಮ ಇನ್ನೊಂದು ಹೋಳನ್ನು ಎತ್ತಿಕೊಂಡಳು. ಪದರಗಳ ನಡುವೆ ಉಗುರಿಟ್ಟಳು. ಉಗುರು ಸಲೀಸಾಗಿ ಒಳಗೆ ಹೋಯಿತು. ಅವಳ ಕಣ್ಣ ಮುಂದೆ ಬಂದದ್ದು ಭಗವಂತರಾಯನಲ್ಲ, ಬೇರೆ ಯಾರೂ ಅಲ್ಲ, ಮಗಳನ್ನು ಎತ್ತಿಕೊಂಡು ಹಲ್ಲು ಕಿರಿಯುತ್ತ ನಿಂತ ತಮ್ಮ.

ರಮ್ಯಶ್ರೀಗೆ ಅಲ್ಲೇ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಮುತ್ತಣ್ಣ ಕಣ್ಣಲ್ಲೇ ಗದರಿದ. ಮೇಡಮ್ಮು ಆಚೆ ಹೋದ ಮೇಲೆ ಹತ್ತಿರ ಬಂದು, "ಎಲ್ಲಾನೂ ತಂದ್ಬಿಡು ಯಂಕಮ್ಮ. ಅವರ ಕಿವಿಗೆ ಬಿದ್ರೆ ನೀನೂ ಮನೆಗೆ, ನಾನೂ ಮನೆಗೆ," ಅಂದ.

"ಅದರ ಬದ್ಲಿ ಹೊಸಾವು ಕೊಡಸ್ರಿ ಸರ್. ಬರಿತಲೀಲೆ ಹೆಂಗ ಕೆಲ್ಸ ಮಾಡ್ತಾರ?"

"ಕೊಡ್ಸೋಣ. ಮೊದ್ಲು ಅವು ಬರ್ಲಿ."

ಭಾನುವಾರ ಗುಂಪಿನವರೆಲ್ಲ ವಠಾರದಲ್ಲೇ ಇದ್ದರು. ಯಂಕಮ್ಮ ಗೋಣಿಚೀಲ ಹಿಡಿದು ಬಾಗಿಲಿನಿಂದ ಬಾಗಿಲಿಗೆ ಹೋದಳು. ಒಳಗೆ ಒಡೆದಿದೆ, ಕೊಟ್ಟುಬಿಡಿ ಎಂದರೆ ಯಾರೂ ನಂಬಲಿಲ್ಲ. ನಂಬುವುದಾದರೂ ಹೇಗೆ, ಪೆಟ್ಟು ತಿಂದದ್ದೇ ಗಟ್ಟಿ ಎಂದು ಬಾಯಿ ನೋಯುವಷ್ಟು ಹೇಳಿದವಳು ಅವಳೇ. ಒಬ್ಬ ತಲೆಗೆ ಹಾಕಿಕೊಂಡು ಬಡಿದು ತೋರಿಸಿದ. ಇನ್ನೊಬ್ಬನ ಹೆಂಡತಿ, ಕಾರ್ಖಾನೆಯವರು ಕೇಳುತ್ತಿದ್ದಾರೆಂದು ನೇರ ಹೇಳಬಾರದೇ, ಈ ನಾಟಕ ಯಾಕೆ ಎಂದಳು. ಯಂಕಮ್ಮ ಜಗಳವಾಡಿದಳು, ಅತ್ತಳು, ಒಬ್ಬನ ಕೈಯಿಂದ ಕಿತ್ತುಕೊಂಡೇ ಬಂದಳು. ಭಗವಂತರಾಯನ ಮುಂದೆ ಮಾತ್ರ ಅವಳ ಆಟ ನಡೆಯಲಿಲ್ಲ. "ಇದು ನನ್ ಜೀವ ಉಳ್ಸಿದ್ದು ತಂಗಿ. ನಾ ಕೊಡಾಂಗಿಲ್ಲ," ಎಂದು ಅವನು ಬಾಗಿಲು ಹಾಕಿಕೊಂಡ.

ಕೊನೆಗೆ ತನ್ನದೇ ಕೋಣೆ. ಭೀಮಾಶಂಕರ ಹೆಲ್ಮೆಟ್ಟನ್ನು ಅಂಗಾತ ಇಟ್ಟು, ಅದರೊಳಗೆ ಮಗಳನ್ನು ಕೂರಿಸಲು ಹೋಗಿ ಅವಳು ಹಿಡಿಸದೆ ನಗುತ್ತಿದ್ದ.

"ಅಕ್ಕ, ಅರ್ಧ ಒಡದಿದ್ರೂ ಟವೆಲ್ಲಿಗಿಂತ ಚಲೋ ಅಲ್ಲೇನು?" ಎಂದ.

ಆ ಮಾತು ಸರಿಯೋ ತಪ್ಪೋ ಯಂಕಮ್ಮನಿಗೆ ಗೊತ್ತಿರಲಿಲ್ಲ. ಕೇಳಬೇಕಾದದ್ದು ರಮ್ಯಶ್ರೀಯನ್ನು, ಕೇಳಿದರೆ ಕೆಲಸ ಹೋಗುತ್ತಿತ್ತು. ಉಗುರು ಒಳಗೆ ಹೋದದ್ದು ಮಾತ್ರ ಬೆರಳಿಗೆ ಗೊತ್ತಿತ್ತು. "ಒಡದ ಗಡಿಗ್ಯಾಗ ನೀರು ಒಯ್ತಾರೇನೋ ಹುಚ್ಚಪ್ಯಾಲಿ? ಕೊಡು. ನನ್ ಮ್ಯಾಲ ಆಣೆ ಅದ," ಅಂದಳು.

ಆಣೆ ಎಂದ ಮೇಲೆ ಅವನು ನಗಲಿಲ್ಲ. ಎತ್ತಿ ಚೀಲಕ್ಕೆ ಹಾಕಿದ.

"ಹೊಸಾದು ಬರೋತನಕ ಯಾವುದರ ಕೆಳಗೂ ನಿಂದರಬ್ಯಾಡ," ಎಂದಳು ಯಂಕಮ್ಮ.

"ಸೈಟಿನ್ಯಾಗ ಎಲ್ಲಿ ನಿಂತ್ರೂ ಒಂದಿಲ್ಲೊಂದರ ಕೆಳಗೇ ನಿಂತಂಗ, ಅಕ್ಕ," ಎಂದ ಅವನು, ಮತ್ತೆ ಮಗಳ ಕಡೆ ತಿರುಗಿದ.

ಸೋಮವಾರ ಅವಳೇ ಕುಯ್ದಳು, ಒಂದನ್ನೂ ಬಿಡದೆ. ಬೇರೆಯವರ ಕೈಗೆ ಕೊಡಲು ಧೈರ್ಯವಾಗಲಿಲ್ಲ. ಹೋಳಾದದ್ದನ್ನೆಲ್ಲ ನೋಡಿದಳು, ಎಲ್ಲದರ ಒಳಗೂ ಅದೇ ಬಿರುಕು. ಅಬ್ಬಾ, ಬದುಕಿಕೊಂಡೆವು ಅನ್ನಿಸಿತು. ಮುತ್ತಣ್ಣನನ್ನು ಹೊಸದರ ಬಗ್ಗೆ ಕೇಳಿದರೆ, ದೊಡ್ಡ ಆರ್ಡರು ಹೋಗಬೇಕಿದೆ, ಮುಂದಿನ ವಾರ ನೋಡೋಣ ಎಂದ. ಮಾರನೇ ದಿನವೂ ಕೇಳಿದಳು. "ನಿಂದೊಂದೇ ರಗಳೆ ಆಯ್ತಲ್ಲಮ್ಮ," ಎಂದ.

ಬುಧವಾರ ಬೆಳಿಗ್ಗೆ, ನಾಲ್ಕನೇ ಅಂತಸ್ತಿನ ಸೆಂಟ್ರಿಂಗ್ ಬಿಚ್ಚುವಾಗ ಪೈಪು ಜೋಡಿಸುವ ಕ್ಲ್ಯಾಂಪೊಂದು ಕೈಜಾರಿತು. ಅಂಗೈಯಲ್ಲಿ ಹಿಡಿಯುವಷ್ಟು ಕಬ್ಬಿಣ. ಕೆಳಗೆ ಭೀಮಾಶಂಕರ ಹಲಗೆ ಜೋಡಿಸುತ್ತಿದ್ದ. ತಲೆಗೆ ಟವೆಲ್ಲು ಸುತ್ತಿದ್ದ.

ಯಂಕಮ್ಮ ಶಿವಾಜಿನಗರದ ಸರ್ಕಾರಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವನನ್ನು ಒಳಗೆ ಒಯ್ದಾಗಿತ್ತು. ಜಯಮಾಲಾ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಗುಂಪಿನವರು ಗೋಡೆಗೆ ಅಂಟಿಕೊಂಡಂತೆ ಸಾಲಾಗಿ ನಿಂತಿದ್ದರು. ಸೈಟಿನಿಂದ ಹಾಗೆಯೇ ಓಡಿಬಂದಿದ್ದ ಭಗವಂತರಾಯನ ಕೈಯಲ್ಲಿ ಅವನ ಹೆಲ್ಮೆಟ್ಟಿತ್ತು. ಯಂಕಮ್ಮನನ್ನು ಕಂಡದ್ದೇ ಅವನು ಅದನ್ನು ಬೆನ್ನ ಹಿಂದೆ ಮರೆಮಾಡಿದ. ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆ ಮುದುಕ ನಾಚಿಕೊಂಡದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಕಂಟ್ರಾಕ್ಟರನ ಕಡೆಯವನೊಬ್ಬ ಪೊಲೀಸರ ಹತ್ತಿರ ಮಾತಾಡುತ್ತಿದ್ದ. "ಸೈಟಲ್ಲಿ ಹೆಲ್ಮೆಟ್ ಇಟ್ಟಿದ್ದೀವಿ ಸರ್, ಫೋಟೋನೂ ಇದೆ. ಹಾಕ್ಕೊಳ್ರೋ ಅಂದ್ರೆ ಇವ್ರು ಕೇಳಲ್ಲ." ಗುಂಪಿನವರು ತುಟಿ ಬಿಚ್ಚಲಿಲ್ಲ. ನಾಳೆಯೂ ಅವರು ಅದೇ ಸೈಟಿಗೆ ಹೋಗಬೇಕಿತ್ತು.

ಮರುದಿನ ಮಧ್ಯಾಹ್ನ ಭೀಮಾಶಂಕರ ತೀರಿಕೊಂಡ. ವ್ಯಾನಿನಲ್ಲಿ ಊರಿಗೆ ಒಯ್ದು ಮಣ್ಣು ಮಾಡಿದರು. ದಿನಕಾರ್ಯ ಮುಗಿಸಿ ಹೆಂಗಸರಿಬ್ಬರೂ ಮಗುವಿನೊಂದಿಗೆ ಬಾಣಸವಾಡಿಯ ಕೋಣೆಗೆ ಮರಳಿದರು. ಊರಲ್ಲಿ ಅವರಿಗೆಂದು ಸೂರು ಉಳಿದಿರಲಿಲ್ಲ, ಜಯಮಾಲಾಳ ತವರಿನವರು ಮಾತಿಗೂ ಬಾ ಎನ್ನಲಿಲ್ಲ.

ಯಂಕಮ್ಮ ಮತ್ತೆ ಕೆಲಸಕ್ಕೆ ಹೊರಟ ಬೆಳಿಗ್ಗೆ ಜಯಮಾಲಾ ರೊಟ್ಟಿ ಕಟ್ಟಿಕೊಟ್ಟಳು. ಬುತ್ತಿಯನ್ನು ಕೈಗೆ ಕೊಟ್ಟು, ಬಿಡದೆ ಹಿಡಿದುಕೊಂಡಳು. "ಅಕ್ಕ, ಆ ಮೇಡಂಗ ಒಂದ್ ಮಾತು ಕೇಳು. ಆ ಹೆಲ್ಮೆಟ್ ತಲಿ ಮ್ಯಾಲ ಇದ್ದಿದ್ರ ಅಂವ ಉಳೀತಿದ್ನಾ?"

ಕೆಲಸ ಹೋದರೆ ಹೋಗಲಿ ಎಂದು ಯಂಕಮ್ಮ ರಮ್ಯಶ್ರೀಗೆ ಎಲ್ಲವನ್ನೂ ಹೇಳಿದಳು. ಒಯ್ದದ್ದು, ಹಂಚಿದ್ದು, ಕಿತ್ತುಕೊಂಡದ್ದು, ಕುಯ್ದದ್ದು. ಹೇಳಿ ಮುಗಿಸಿ ಜಯಮಾಲಾಳ ಪ್ರಶ್ನೆಯನ್ನು ಇಟ್ಟಳು. ರಮ್ಯಶ್ರೀ ಸಾಂತ್ವನಕ್ಕೆ ಏನಾದರೊಂದು ಹೇಳಬಹುದಿತ್ತು. ಆದರೆ ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟು ರೂಢಿಯಾದ ಹುಡುಗಿ.

"ಮೊದಲಿನ ಏಟು ಬಿದ್ದ ಜಾಗ ಬಿಟ್ಟು ಉಳಿದದ್ದೆಲ್ಲ ಗಟ್ಟಿಯಾಗೇ ಇರುತ್ತೆ, ಯಂಕಮ್ಮ. ಅದೇ ಜಾಗಕ್ಕೆ ಬಿದ್ರೂ ಸ್ವಲ್ಪ ತಡಿಯುತ್ತೆ. ಹೊಸದರಷ್ಟು ನಂಬೋಕಾಗಲ್ಲ, ಅಷ್ಟೇ. ಬರೀ ತಲೆಗೆ ಹೋಲಿಸಿದ್ರೆ..." ಆಮೇಲೆ ಮೆಲ್ಲಗೆ, "ಉಳೀತಿದ್ರೇನೋ," ಎಂದಳು.

"ನೀವು ಒಡದದ ಅಂದ್ರಿ," ಎಂದಳು ಯಂಕಮ್ಮ. "ಇನ್ನೂ ಒಂದೀಟು ಗಟ್ಟಿ ಉಳದದ ಅಂತ ಹೇಳ್ಲಿಲ್ರಿ."

"ನಂಗೆ ಯಾರೋ ಹಾಕ್ಕೊಂಡಿದಾರೆ ಅಂತ ಗೊತ್ತಿರ್ಲಿಲ್ವಲ್ಲ," ಎನ್ನುತ್ತ ರಮ್ಯಶ್ರೀ ಅತ್ತುಬಿಟ್ಟಳು. ಅದೂ ನಿಜವೇ. ಯಂಕಮ್ಮ ಅವಳ ಮೇಲೆ ಸಿಟ್ಟಾಗಲು ನೋಡಿದಳು, ಆಗಲಿಲ್ಲ. ಮುತ್ತಣ್ಣನ ಮೇಲೂ ಆಗಲಿಲ್ಲ. ಸಿಟ್ಟೆಲ್ಲ ತಿರುಗಿ ತಿರುಗಿ ಆಣೆ ಹಾಕಿದ ತನ್ನ ನಾಲಿಗೆಯ ಮೇಲೇ ಬಂದು ನಿಲ್ಲುತ್ತಿತ್ತು.

ಬಸ್ಸಿನಲ್ಲಿ ಬರುವಾಗ ಒಂದು ಸುಳ್ಳನ್ನು ಬಾಯಿಪಾಠ ಮಾಡಿದಳು. ಇದ್ದಿದ್ರೂ ಉಳೀತಿರಲಿಲ್ಲಂತ, ಜಯಮಾಲಾ. ಎಂಥಾ ಹೆಲ್ಮೆಟ್ಟಿಗೂ ಆಗ್ತಿರಲಿಲ್ಲಂತ. ಬೆನ್ನಿಗಾನಹಳ್ಳಿ ದಾಟುವಷ್ಟರಲ್ಲಿ ಅದು ಸಲೀಸಾಗಿ ಬರತೊಡಗಿತ್ತು. ಹೇಳಿದರೆ ಇಬ್ಬರೂ ಬದುಕಿಕೊಳ್ಳುತ್ತಿದ್ದರು.

ಜಯಮಾಲಾ ವಠಾರದ ನಲ್ಲಿಯ ಬಳಿ ಪಾತ್ರೆ ತೊಳೆಯುತ್ತಿದ್ದಳು. ಸೂರ್ಯ ಇನ್ನೂ ಮುಳುಗಿರಲಿಲ್ಲ. ಯಂಕಮ್ಮನನ್ನು ಕಂಡು ಎದ್ದು ನಿಂತಳು, ಒದ್ದೆ ಕೈ ಸೀರೆಗೆ ಒರೆಸಿಕೊಂಡಳು. "ಕೇಳಿದ್ಯಾ ಅಕ್ಕ?" ಅಂದಳು.

ಯಂಕಮ್ಮ ಬಾಯಿ ತೆರೆದಳು. ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ತನ್ನ ಮಾತು ನಂಬಿ ಹೆಲ್ಮೆಟ್ಟು ತೊಟ್ಟವನು, ತನ್ನ ಮಾತು ನಂಬಿ ಅದನ್ನು ತೆಗೆದುಕೊಟ್ಟವನು ಮಣ್ಣಿನಲ್ಲಿದ್ದ. ಅವನ ಹೆಂಡತಿಯನ್ನೂ ಇನ್ನೊಂದು ಮಾತಿನಿಂದ ನಂಬಿಸಲು ಅವಳಿಗೆ ಬಾಯಿ ಬರಲಿಲ್ಲ.

"ಇದ್ದಿದ್ರ ಉಳೀತಿದ್ದ ಅಂದ್ರು," ಎಂದಳು.

ನಲ್ಲಿಯ ನೀರು ತಪ್ಪಲೆ ತುಂಬಿ ಹರಿಯುತ್ತಿತ್ತು. ಜಯಮಾಲಾ ಬಗ್ಗಿ ಅದನ್ನು ನಿಲ್ಲಿಸಿದಳು. ಯಂಕಮ್ಮನ ಮುಖ ನೋಡಿದಳು.

"ಒಂದ್ ಸುಳ್ಳಾದ್ರೂ ಹೇಳಬೇಕಿತ್ತಲ್ಲ, ಅಕ್ಕ," ಎಂದಳು. "ಇನ್ನ ನಾ ನಿನ್ ಜೋಡಿ ಒಂದೇ ಖೋಲ್ಯಾಗ ಹೆಂಗ ಇರ್ಲಿ?"

ಹೋಗಲು ಅವಳಿಗೆ ಬೇರೆ ಮನೆಯಿರಲಿಲ್ಲ. ಯಂಕಮ್ಮನಿಗೂ ಇರಲಿಲ್ಲ. ಮಗು ಎದ್ದು ಅಳತೊಡಗಿತು, ಇಬ್ಬರೂ ಒಟ್ಟಿಗೇ ಒಳಗೆ ಹೋದರು.